ಎಂಜಿಬಿಗೆ ಕ್ವೇಫ್ ಡಿಫರೆನ್ಷಿಯಲ್: ಹದಿನಾಲ್ಕು ತಿಂಗಳ ಓಡಾಟದ ಮೇಲೆ

ನಮ್ಮ ಮನೆ ಹತ್ತಿರ ಒಂದು ರೌಂಡ್‌ಅಬೌಟ್ ಇದೆ. ಸ್ವಲ್ಪ ಏರು, ಡಾಂಬರು ಸವೆದು ನುಣುಪಾಗಿದೆ. ಇದು ಇಂಗ್ಲೆಂಡಿನ ಲ್ಯಾಂಕಾಶೈರ್, ಮಳೆಗೆ ಬರವಿಲ್ಲ. ಒದ್ದೆ ದಿನ ಅಲ್ಲಿ ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ನನ್ನ 1972ರ ಎಂಜಿಬಿ ಜಿಟಿಯ (ಬ್ರಿಟಿಷ್ ಸ್ಪೋರ್ಟ್ಸ್ ಕಾರು, ಗಟ್ಟಿ ಛಾವಣಿಯ ಮಾದರಿ) ಹಿಂದಿನ ಬಲ ಚಕ್ರ ನಿಂತಲ್ಲೇ ಗಿರ್ರನೆ ತಿರುಗುತ್ತಿತ್ತು. ಎಂಜಿನ್ ಸದ್ದು ಮೇಲೇರುತ್ತಿತ್ತು, ಕಾರಿನ ವೇಗ ಏರುತ್ತಿರಲಿಲ್ಲ. ಯಾವಾಗಲೂ ಬಲ ಚಕ್ರವೇ.

ಅದಕ್ಕೆ ಕಾರಣ ಇದೆ. ಎಂಜಿಬಿಯ ಹಿಂದಿನ ಆ್ಯಕ್ಸಲ್ ಒಂದೇ ಗಟ್ಟಿ ತುಂಡು. ಎಲೆ ಸ್ಪ್ರಿಂಗುಗಳ ಮೇಲೆ ಕೂತಿದೆ. ಎಂಜಿನ್ ಕಡೆಯಿಂದ ಬರುವ ಪ್ರೊಪೆಲರ್ ಶಾಫ್ಟ್ ತಿರುಚುವ ರಭಸಕ್ಕೆ ಇಡೀ ಆ್ಯಕ್ಸಲ್ ತುಸು ವಾಲುತ್ತದೆ. ಎಡ ಚಕ್ರ ನೆಲಕ್ಕೆ ಒತ್ತಿಕೊಳ್ಳುತ್ತದೆ, ಬಲ ಚಕ್ರ ಹಗುರಾಗುತ್ತದೆ. ಇಲ್ಲಿ ರೌಂಡ್‌ಅಬೌಟಿನಲ್ಲಿ ಬಲಕ್ಕೇ ತಿರುಗಬೇಕು, ಅಂದರೆ ಒಳಗಿನ ಚಕ್ರವೂ ಬಲದ್ದೇ. ತಿರುವಿನಲ್ಲಿ ಭಾರ ಹೊರಗಿನ ಚಕ್ರಕ್ಕೆ ಹೋಗುತ್ತದೆ, ಅಲ್ವಾ? ಹೀಗೆ ಬಲ ಚಕ್ರ ಎರಡೆರಡು ಸಲ ಹಗುರಾಗುತ್ತದೆ. ತಿರುವಿನಲ್ಲಿ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಕಟ್ಟೇ ಡಿಫರೆನ್ಷಿಯಲ್. ಮಾಮೂಲಿ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಸಮ ಬಲ ಹಂಚುತ್ತದೆ. ಕೇಳಲು ನ್ಯಾಯವಾಗಿದೆ. ಆದರೆ ಜಾರುವ ಚಕ್ರ ಎಷ್ಟು ಬಲ ತಡೆಯುತ್ತದೋ ಅಷ್ಟೇ ಬಲ ಹಿಡಿತ ಇರುವ ಚಕ್ರಕ್ಕೂ ಸಿಗುತ್ತದೆ. ಗಟ್ಟಿ ನೆಲದ ಮೇಲಿರುವ ಎಡ ಚಕ್ರ ಕೆಲಸವಿಲ್ಲದೆ ಕೂತಿರುತ್ತದೆ.

ಇದು ನನಗೆ ಹೊಸದಲ್ಲ. ಅಪ್ಪ ತೀರ್ಥಹಳ್ಳಿಯಲ್ಲಿ ಬಾಡಿಗೆ ಅಂಬಾಸಿಡರ್ ಓಡಿಸುತ್ತಿದ್ದರು. ಮಳೆಗಾಲದಲ್ಲಿ ತೋಟದ ಮನೆಗಳ ಮಣ್ಣುದಾರಿಯಲ್ಲಿ ಒಂದು ಚಕ್ರ ಕೆಸರಿಗಿಳಿದರೆ ಕಥೆ ಮುಗೀತು. ಡಿಕ್ಕಿಯಲ್ಲಿ ಯಾವಾಗಲೂ ಎರಡು ಗೋಣಿಚೀಲ ಇರುತ್ತಿದ್ದವು. ಕೆಳಗಿಳಿದು ಚಕ್ರದಡಿ ಚೀಲ ತುರುಕುವುದು ನನ್ನ ಕೆಲಸ. ಆ ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ ಮತ್ತು ನನ್ನ ಎಂಜಿಬಿಯ 1798 ಸಿಸಿ ಎಂಜಿನ್ ಒಂದೇ ಮನೆತನದವು, ಬಿಎಂಸಿ (ಬ್ರಿಟಿಷ್ ಮೋಟರ್ ಕಾರ್ಪೊರೇಷನ್) ಕಂಪನಿಯ ಬಿ ಸೀರೀಸ್. ಈ ಕಾರನ್ನೇ ಕೊಳ್ಳಲು ಅದೂ ಒಂದು ಕಾರಣ. ಸ್ಟಾರ್ಟ್ ಆದಾಗ ಬರುವ ಸದ್ದು ನನಗೆ ಮನೆಯ ಸದ್ದು.

ಆ್ಯಕ್ಸಲ್ ಬಿಚ್ಚುವ ನೆಪ ಬೇರೆಯೇ ಆಗಿತ್ತು. ಗೇರ್ ಹಾಕಿ ಕ್ಲಚ್ ಬಿಟ್ಟಾಗ ಹಿಂದಿನಿಂದ ‘ಠಕ್’ ಎಂದು ಕೇಳುತ್ತಿತ್ತು. ಎಂಜಿಬಿ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಸದ್ದು ಅದು. ಡಿಫರೆನ್ಷಿಯಲ್ ಒಳಗಿನ ಪುಟ್ಟ ಗೇರುಗಳ ಹಿಂದೆ ಥ್ರಸ್ಟ್ ವಾಷರುಗಳಿರುತ್ತವೆ. ಅವು ಸವೆದರೆ ಗೇರುಗಳ ನಡುವೆ ಸಡಿಲ ಬರುತ್ತದೆ. ವಾಷರ್ ಹೊಸದು ಹಾಕಿದರೆ ಠಕ್ ಹೋಗುತ್ತದೆ, ಖರ್ಚೂ ಕಡಿಮೆ. ಆದರೆ ಹೇಗೂ ಬಿಚ್ಚುತ್ತೇವಲ್ಲ, ಒಂದೇ ಚಕ್ರ ಜಾರಿ ತಿರುಗದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹಾಕಿಸಿಬಿಡೋಣ ಅನ್ನಿಸಿತು.

ಆಯ್ಕೆ ಎರಡಿತ್ತು. ಒಂದು ಪ್ಲೇಟ್ ಇರುವ ಜಾತಿ. ಒಳಗೆ ಕ್ಲಚ್ ಪ್ಲೇಟುಗಳ ಕಟ್ಟು ಇರುತ್ತದೆ, ಅವು ಒತ್ತಿಕೊಂಡು ಎರಡೂ ಚಕ್ರಗಳನ್ನು ಹಿಡಿಯುತ್ತವೆ. ರೇಸಿಗೆ ಅದೇ ಸರಿ. ಆದರೆ ಪ್ಲೇಟುಗಳು ಸವೆಯುತ್ತವೆ, ಅದಕ್ಕೆ ತಕ್ಕ ವಿಶೇಷ ಎಣ್ಣೆ ಬೇಕು. ಪಾರ್ಕಿಂಗಿನಲ್ಲಿ ಪೂರ್ತಿ ಸ್ಟಿಯರಿಂಗ್ ತಿರುಗಿಸಿದರೆ ಹಿಂದೆ ಗೊರಗೊರ ಸದ್ದು ಬರುವುದೂ ಉಂಟು. ಇನ್ನೊಂದು ಗೇರುಗಳದ್ದೇ ಜಾತಿ. ಇಂಗ್ಲೆಂಡಿನ ಕೆಂಟ್‌ನ ಕ್ವೇಫ್ ಕಂಪನಿಯ ಎಟಿಬಿ ಎಂಬ ಡಿಫರೆನ್ಷಿಯಲ್ ಈ ಬಗೆಯದು. ನಾನು ಹಾಕಿಸಿದ್ದು ಅದನ್ನೇ.

ಡಬ್ಬಿ ಬಂದ ದಿನ ಊಟದ ಮೇಜಿನ ಮೇಲೆ ಇಟ್ಟು ತುಂಬಾ ಹೊತ್ತು ನೋಡಿದೆ. ಕೈಗೆ ಒಳ್ಳೆ ಭಾರ. ಕಿಂಡಿಗಳಿಂದ ಬಗ್ಗಿ ನೋಡಿದರೆ ಓರೆ ಹಲ್ಲಿನ ಹೆಲಿಕಲ್ ಗೇರುಗಳು ಕಾಣುತ್ತವೆ. ಅವುಗಳಿಗೆ ಅಚ್ಚು ಇಲ್ಲ. ತಮ್ಮ ತಮ್ಮ ಗೂಡುಗಳಲ್ಲಿ ಸುಮ್ನೆ ಕೂತಿವೆ. ಬಲ ಬಿದ್ದಾಗ ಓರೆ ಹಲ್ಲುಗಳು ಒಂದನ್ನೊಂದು ಪಕ್ಕಕ್ಕೆ ತಳ್ಳಿ ಗೂಡಿನ ಗೋಡೆಗೆ ಒತ್ತುತ್ತವೆ. ಆ ಉಜ್ಜಾಟವೇ ಜಾರುವ ಚಕ್ರವನ್ನು ಓಡಲು ಬಿಡದೆ, ಹಿಡಿತ ಇರುವ ಚಕ್ರಕ್ಕೆ ಜಾಸ್ತಿ ಬಲ ಕಳಿಸುತ್ತದೆ. ಬಲ ಇಲ್ಲದಾಗ ಒತ್ತಡವೂ ಇಲ್ಲ, ಆಗ ಮಾಮೂಲಿ ಡಿಫರೆನ್ಷಿಯಲ್ ಥರವೇ ಇರುತ್ತದೆ. ಸವೆಯುವ ಪ್ಲೇಟ್ ಇಲ್ಲ. ಸಾಧಾರಣ ಇಪಿ 90 ಎಣ್ಣೆ ಸಾಕು, ಅದೂ ಒಂದು ಲೀಟರಿಗಿಂತ ಕಡಿಮೆ. ಕಂಪನಿ ಜೀವಮಾನದ ವಾರಂಟಿ ಕೊಡುತ್ತದೆ. ಇಷ್ಟು ಅಂದವಾಗಿ ಕಡೆದ ಲೋಹದ ಕೆಲಸವನ್ನು ಕತ್ತಲಲ್ಲಿ, ಎಣ್ಣೆಯೊಳಗೆ ಮುಚ್ಚಿಡಬೇಕಲ್ಲ ಎಂದು ಬೇಸರವಾಯಿತು.

ಈಗ ಮುಖ್ಯ ವಿಷಯ. ಕೊಳ್ಳುವ ಯೋಚನೆ ಇದ್ದರೆ ಇದನ್ನು ನಿಧಾನವಾಗಿ ಓದಿ.

ಮೊದಲ ಎಂಜಿಬಿಗಳಲ್ಲಿ ಬ್ಯಾಂಜೋ ಆ್ಯಕ್ಸಲ್ ಇತ್ತು. ಅದರಲ್ಲಿ ಡಿಫರೆನ್ಷಿಯಲ್ ಇಡಿಯಾಗಿ ಮುಂದಿನಿಂದ ಹೊರಗೆ ಬರುತ್ತದೆ, ಬೆಂಚಿನ ಮೇಲೆ ಇಟ್ಟುಕೊಂಡು ಸೆಟ್ಟಿಂಗ್ ಮಾಡಬಹುದು. ಜಿಟಿಯಲ್ಲಿ ಮತ್ತು ಆಮೇಲಿನ ಓಪನ್ (ಗಟ್ಟಿ ಛಾವಣಿ ಇಲ್ಲದ) ಎಂಜಿಬಿಗಳಲ್ಲಿ ಇರುವುದು ಟ್ಯೂಬ್ ಆ್ಯಕ್ಸಲ್. ಇಲ್ಲಿ ಹಿಂದಿನ ಮುಚ್ಚಳ ತೆಗೆದು, ಹಬ್ ಮತ್ತು ಬ್ರೇಕ್ ಪ್ಲೇಟ್ ಬಿಚ್ಚಿ, ಚಕ್ರ ತಿರುಗಿಸುವ ದಂಡಗಳಾದ ಎರಡೂ ಹಾಫ್ ಶಾಫ್ಟ್ ಎಳೆದು, ಆಮೇಲೆ ಹೌಸಿಂಗನ್ನೇ ಕೂದಲೆಳೆಯಷ್ಟು ಅಗಲಿಸಿ ಡಿಫರೆನ್ಷಿಯಲ್ ತೆಗೆಯಬೇಕು. ಅದಕ್ಕೆಂದೇ ಸ್ಪ್ರೆಡರ್ ಅನ್ನುವ ಸಾಧನ ಇದೆ. ಎರಡು ಬಗೆಗೂ ಭಾಗಗಳು ಬೇರೆ ಬೇರೆ. ಆರ್ಡರ್ ಮಾಡುವ ಮುಂಚೆ ಕಾರಿನ ಕೆಳಗೆ ಬಗ್ಗಿ ನೋಡಿಕೊಳ್ಳಿ.

ಹಳೆಯ ಕ್ರೌನ್ ವೀಲ್ (ಡಿಫರೆನ್ಷಿಯಲನ್ನು ತಿರುಗಿಸುವ ದೊಡ್ಡ ಹಲ್ಲುಚಕ್ರ) ಬಿಚ್ಚಿ ಹೊಸ ಡಿಫರೆನ್ಷಿಯಲ್ ಮೇಲೆ ಕೂರಿಸಬೇಕು. ಹೊಸ ಬೇರಿಂಗ್ ಹಾಕಬೇಕು. ಕ್ರೌನ್ ಮತ್ತು ಅದನ್ನು ತಿರುಗಿಸುವ ಪುಟ್ಟ ಗೇರು ಪಿನಿಯನ್ ನಡುವಿನ ಸಡಿಲ ಎಷ್ಟಿರಬೇಕೋ ಅಷ್ಟೇ ಇರುವಂತೆ ಶಿಮ್‌ಗಳನ್ನು (ತೆಳು ಲೋಹದ ಬಿಲ್ಲೆಗಳು) ಹಾಕಿ ತೆಗೆದು, ಡಯಲ್ ಗೇಜಿನಲ್ಲಿ ಅಳೆದು, ಹಲ್ಲಿಗೆ ಬಣ್ಣ ಬಳಿದು ಗುರುತು ಎಲ್ಲಿ ಬೀಳುತ್ತದೆ ನೋಡಬೇಕು. ಇದು ಬೇಗ ಮುಗಿಯುವ ಕೆಲಸವಲ್ಲ.

ನಾನು ಮೊದಲು ಕೊಟ್ಟ ಗ್ಯಾರೇಜಿನವರು ಒಂದೇ ದಿನದಲ್ಲಿ ಮುಗಿಸಿಕೊಟ್ಟರು. ಮನೆಗೆ ಬರುವ ದಾರಿಯಲ್ಲೇ ಗಂಟೆಗೆ 50 ಮೈಲಿ ದಾಟುತ್ತಿದ್ದಂತೆ ಹಿಂದಿನಿಂದ ತಂತಿ ಎಳೆದಂಥ ಕೂಗು ಶುರುವಾಯಿತು. ಆಕ್ಸಿಲರೇಟರ್ ಬಿಟ್ಟರೆ ನಿಲ್ಲುತ್ತಿತ್ತು, ಒತ್ತಿದರೆ ಮತ್ತೆ. ವಾಪಸ್ ಹೋಗಿ ಕೇಳಿದೆ. ‘ಹೊಸ ಭಾಗ, ಓಡ್ತಾ ಓಡ್ತಾ ಸರಿಹೋಗುತ್ತದೆ’ ಅಂದರು. ನನಗೆ ಸಮಾಧಾನವಾಗಲಿಲ್ಲ. ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಅಪ್ಪನಿಗೆ ಕಳಿಸಿದೆ. ಅವರು ಎರಡು ಸಲ ಕೇಳಿ ಫೋನ್ ಮಾಡಿದರು. ‘ಕ್ರೌನ್ ಕೂಗ್ತಾ ಇದೆ. ಓಡಿಸ್ಬೇಡ. ಓಡಿಸಿದಷ್ಟೂ ಹಲ್ಲು ಹಾಳು. ಶಿಮ್ ನೋಡ್ಸು.’

ಹಳೇ ಕಾರುಗಳ ಆ್ಯಕ್ಸಲ್ ಮತ್ತು ಗೇರ್‌ಬಾಕ್ಸ್ ಕೆಲಸ ಮಾತ್ರ ಮಾಡುವ ಹಿರಿಯರೊಬ್ಬರು ಇದ್ದಾರೆಂದು ಪರಿಚಯದವರು ಹೇಳಿದರು. ಅಲ್ಲಿಗೆ ಕಾರನ್ನು ಟ್ರೇಲರ್ ಮೇಲೆ ಒಯ್ದೆ. ಅವರು ಮುಚ್ಚಳ ತೆಗೆದು, ಬಣ್ಣ ಬಳಿದು, ಕ್ರೌನನ್ನು ಕೈಯಿಂದ ತಿರುಗಿಸಿ ನನಗೇ ತೋರಿಸಿದರು. ಗುರುತು ಹಲ್ಲಿನ ನಡುವೆ ಬೀಳುವ ಬದಲು ಒಂದು ಅಂಚಿಗೆ ಸರಿದಿತ್ತು. ಪೂರಾ ಎರಡು ದಿನ ಹಿಡಿಯಿತು. ಮಧ್ಯೆ ಮಧ್ಯೆ ಕರೆದು ‘ಈಗ ನೋಡು, ಈಗ ನೋಡು’ ಎಂದು ಗುರುತು ತೋರಿಸುತ್ತಿದ್ದರು. ಪುಣ್ಯಕ್ಕೆ ಹಲ್ಲಿಗೆ ಏನೂ ಆಗಿರಲಿಲ್ಲ. ಆ ದಿನದಿಂದ ಇವತ್ತಿನವರೆಗೆ ಕೂಗು ಇಲ್ಲ, ಠಕ್ ಕೂಡ ಇಲ್ಲ.

ಓಡಿಸಲು ಹೇಗಿದೆ? ನೇರ ರಸ್ತೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಸ್ಟಿಯರಿಂಗ್ ಭಾರವಾಗಿಲ್ಲ, ಪಾರ್ಕಿಂಗಿನಲ್ಲಿ ಸದ್ದಿಲ್ಲ. ರೌಂಡ್‌ಅಬೌಟಿನಲ್ಲಿ ಮಾತ್ರ ಮೊದಲ ದಿನವೇ ಗೊತ್ತಾಯಿತು. ಅದೇ ಮಳೆ, ಅದೇ ಎರಡನೇ ಗೇರು, ಅದೇ 165 ಮಿಮೀ ಅಗಲದ ಟೈರುಗಳು. ಚಕ್ರ ಗಿರ್ರೆನ್ನಲಿಲ್ಲ. ಹಿಂದಿನಿಂದ ಯಾರೋ ಬೆನ್ನಿಗೆ ಕೈ ಕೊಟ್ಟು ದೂಡಿದಂತೆ ಕಾರು ಮುಂದೆ ಹೋಯಿತು.

ಆಮೇಲೆ ಅಕ್ಟೋಬರಿನಲ್ಲಿ ಲೇಕ್ ಡಿಸ್ಟ್ರಿಕ್ಟಿನ ಹಾರ್ಡ್‌ನಾಟ್ ಪಾಸ್‌ಗೆ ಹೋದೆ. ಒಂದೇ ವಾಹನ ಹೋಗುವಷ್ಟು ಅಗಲದ ರಸ್ತೆ. ಕಡಿದಾದ ಕಡೆ ಮೂರಕ್ಕೆ ಒಂದರ ಏರು, ಅಂದರೆ ಮೂರು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳನ್ನು ಎಣಿಸಿಕೊಂಡು ಬೆಳೆದವನು ನಾನು. ಆದರೂ ಇಲ್ಲಿ ಎದೆ ಡವಗುಟ್ಟುತ್ತದೆ. ಹಿಂದಿನ ವರ್ಷ ಎಸ್ಕ್‌ಡೇಲ್ ಕಡೆಯಿಂದ ಹತ್ತುವಾಗ ಒದ್ದೆ ಎಲೆಗಳ ಮೇಲೆ ಒಳಗಿನ ಚಕ್ರ ಜಾರಿ ಕಾರು ನಿಂತುಬಿಟ್ಟಿತ್ತು. ಹಿಂದಕ್ಕೆ ಇಳಿಸಿ ಮತ್ತೆ ಪ್ರಯತ್ನಿಸಬೇಕಾಯಿತು, ಕೆಳಗೆ ಮೂರು ಕಾರುಗಳು ಕಾಯುತ್ತಿದ್ದವು. ಈ ಸಲ ಅದೇ ತಿರುವಿನಲ್ಲಿ ಮೊದಲ ಗೇರಿನಲ್ಲಿ ಒಂದೇ ಸಮನೆ ಕಾಲು ಒತ್ತಿ ಹಿಡಿದೆ. ಅರ್ಧ ಸುತ್ತು ಜಾರಿದ ಹಾಗೆ ಆಯಿತು, ಅಷ್ಟರಲ್ಲೇ ಹಿಡಿಯಿತು. ಮೇಲೆ ಹೋಗಿ ಕಾರು ನಿಲ್ಲಿಸಿ ಅಪ್ಪನಿಗೆ ಫೋನ್ ಮಾಡಿದೆ.

ಆಗದ್ದನ್ನೂ ಹೇಳಬೇಕು. ಗೇರುಗಳ ಜಾತಿಯ ಡಿಫರೆನ್ಷಿಯಲ್ ಕೆಲಸ ಮಾಡಲು ಎರಡೂ ಚಕ್ರಗಳಿಗೆ ಅಷ್ಟಿಷ್ಟಾದರೂ ಹಿಡಿತ ಬೇಕು. ಒಂದು ಚಕ್ರ ಗಾಳಿಯಲ್ಲಿ ಎದ್ದರೆ ಇನ್ನೊಂದಕ್ಕೆ ಹೋಗುವ ಬಲ ತೀರಾ ಕಡಿಮೆ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ಬ್ರೇಕ್ ಸ್ವಲ್ಪ ಒತ್ತಿ ಹಿಡಿದರೆ ಕೊಂಚ ಸಹಾಯವಾಗುತ್ತದೆ. ಆಳ ಕೆಸರಿನ ತೋಟದ ದಾರಿಗೆ ಇದು ಉತ್ತರವಲ್ಲ, ಅಲ್ಲಿ ಗೋಣಿಚೀಲವೇ ಬೇಕು. ಇನ್ನೊಂದು ಎಚ್ಚರಿಕೆ. ಮೊದಲು ಜಾಸ್ತಿ ಒತ್ತಿದರೆ ಒಳಗಿನ ಚಕ್ರ ಒಂದೇ ಜಾರುತ್ತಿತ್ತು, ಹೊರಗಿನದು ಕಾರನ್ನು ಹಿಡಿದಿರುತ್ತಿತ್ತು. ಈಗ ಮಿತಿ ಮೀರಿದರೆ ಎರಡೂ ಒಟ್ಟಿಗೆ ಜಾರುತ್ತವೆ, ಕಾರಿನ ಹಿಂಭಾಗವೇ ಪಕ್ಕಕ್ಕೆ ಹೋಗುತ್ತದೆ. ಮಳೆಯಲ್ಲಿ ಕಾಲು ಮೆತ್ತಗಿರಲಿ. ಒಂದೇ ಚಕ್ರ ಜಾಕ್ ಮೇಲೆತ್ತಿ ಗೇರಿನಲ್ಲಿ ಎಂಜಿನ್ ಓಡಿಸುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ, ನೆಲದ ಮೇಲಿನ ಚಕ್ರ ಕಾರನ್ನು ಜಾಕಿನಿಂದ ಕೆಳಗೆ ಎಳೆಯಬಹುದು. ವಿಮೆಯವರಿಗೂ ತಿಳಿಸಿ. ನಾನು ತಿಳಿಸಿದೆ, ಪತ್ರದಲ್ಲಿ ಬರೆದುಕೊಂಡರು.

ಭಾಗ, ಬೇರಿಂಗ್, ಎರಡನೇ ಸಲದ ಕೂಲಿ ಎಲ್ಲ ಸೇರಿ ನನಗೆ 1500 ಪೌಂಡಿನ ಹತ್ತಿರ ಬಂತು. ಮೊದಲ ಗ್ಯಾರೇಜಿಗೆ ಕೊಟ್ಟದ್ದು ಬೇರೆ. ಬಿಸಿಲಿನ ಭಾನುವಾರ ಮಾತ್ರ ಕಾರು ತೆಗೆಯುವವರಿಗೆ ನಾನು ಇದನ್ನು ಹೇಳುವುದಿಲ್ಲ. ಅವರಿಗೆ ಹೊಸ ಥ್ರಸ್ಟ್ ವಾಷರ್ ಸಾಕು. ಮಳೆ, ಘಾಟಿ, ಹೇರ್‌ಪಿನ್ ಎಂದು ಓಡಾಡುವವರು ಖಂಡಿತ ಹಾಕಿಸಿ. ಆದರೆ ಡಿಫರೆನ್ಷಿಯಲ್ ಆರಿಸುವ ಮೊದಲು ಅದನ್ನು ಕೂರಿಸುವ ಕೈ ಯಾವುದು ಎಂದು ಹುಡುಕಿ. ‘ಹಲ್ಲಿನ ಗುರುತು ನನಗೆ ತೋರಿಸುತ್ತೀರಾ?’ ಎಂದು ಕೇಳಿ ನೋಡಿ.

ಕಳೆದ ತಿಂಗಳು ಎಣ್ಣೆ ಬದಲಿಸಿದೆ. ಹಳೆ ಎಣ್ಣೆಯನ್ನು ಬಿಳಿ ತಟ್ಟೆಗೆ ಸುರಿದು ಬಿಸಿಲಿಗೆ ಹಿಡಿದೆ. ಲೋಹದ ಪುಡಿ ಇರಲಿಲ್ಲ. ಅದರ ಫೋಟೋ ಕೂಡ ತೀರ್ಥಹಳ್ಳಿಗೆ ಹೋಗಿದೆ.