ಗೋಡೆ, ಬಾಗಿಲಿಗೆ ನಂಬರ್ ಹಾಕುವ ಕಿಟ್: ಹಲಗೆ ಚೆನ್ನಾಗಿದೆ, ಖಾನೆಗಳೇ ತಲೆನೋವು

ಪುರಾತತ್ವದವರು ಹಳೇ ಕಟ್ಟಡ ದಾಖಲಿಸುವಾಗ, ಪ್ರತಿ ಫೋಟೋದಲ್ಲೂ ಗೋಡೆ, ಬಾಗಿಲಿನ ನಂಬರ್ ಕಾಣುವಂತೆ ಇಡಲಿ ಅಂತ ಮಾರುವ ಕಿಟ್ ಇದು. ಒಂದು ಕಪ್ಪು ಹಲಗೆ, ಅದಕ್ಕೆ ಅಂಟುವ ಅಯಸ್ಕಾಂತದ ಅಂಕಿಗಳು, 20 ಸೆಂಟಿಮೀಟರ್ ಸ್ಕೇಲ್, ಉತ್ತರ ತೋರಿಸುವ ಬಾಣ, ಪುಟ್ಟ ಸ್ಟ್ಯಾಂಡ್, ಜೊತೆಗೆ ಮೆತ್ತಗಿನ ಬಿಳಿ ಅಂಟು. ನನ್ನ ಲೆಕ್ಕದಲ್ಲಿ ಐದಕ್ಕೆ ಮೂರು.

ಹಲಗೆಗೆ ಹೊಳಪಿಲ್ಲ, ಅದು ದೊಡ್ಡ ಗುಣ. ನುಣುಪು ಬೋರ್ಡ್ ಮೇಲೆ ಫ್ಲ್ಯಾಶ್ ಬಿದ್ದರೆ ನಂಬರೇ ಕಾಣುವುದಿಲ್ಲ, ಆಮೇಲೆ ಒಂದೇ ಥರ ಕಾಣುವ ಬೋಳು ಗೋಡೆಗಳ ರಾಶಿ ಫೋಟೋ ಮುಂದಿಟ್ಟುಕೊಂಡು ಇದು ಯಾವ ಕೋಣೆಯದು ಅಂತ ತಲೆ ಕೆರೆದುಕೊಳ್ಳಬೇಕು. 6 ಮತ್ತು 9ರ ಕೆಳಗೆ ಗೆರೆ ಎಳೆದಿದ್ದಾರೆ, ಉಲ್ಟಾ ಕೂತರೂ ಗೊತ್ತಾಗುತ್ತದೆ. ಯಾರೋ ಸೈಟಲ್ಲಿ ಕೆಲಸ ಮಾಡಿದವರೇ ಯೋಚಿಸಿರಬೇಕು.

ಆದರೆ ಹಲಗೆ ಮೇಲೆ ಕೋಣೆ, ಗೋಡೆ, ಬಾಗಿಲು ಅಂತ ಮೂರು ಖಾನೆ ಅಚ್ಚು ಹಾಕಿದ್ದಾರಲ್ಲ, ಅಲ್ಲಿ ಎಡವಿದ್ದಾರೆ. ಒಳಗಿನ ಬಾಗಿಲು ಎರಡು ಕೋಣೆಗಳ ನಡುವೆ ಇರುತ್ತದೆ, ಅಲ್ವಾ? ಈ ಕಡೆಯಿಂದ ಬರೆದರೆ 4-ಬಿ-1 (4ನೇ ಕೋಣೆ, ಬಿ ಗೋಡೆ, 1ನೇ ಬಾಗಿಲು), ಆ ಕಡೆಯಿಂದ 5-ಡಿ-1. ಇರುವುದು ಒಂದೇ ಬಾಗಿಲು, ರಿಜಿಸ್ಟರ್‌ನಲ್ಲಿ ಮಾತ್ರ ಎರಡು. ಇಟಲಿಯ ಹಳೇ ರೋಮನ್ ಊರು ಪಾಂಪೇಯಲ್ಲಿ 19ನೇ ಶತಮಾನದಲ್ಲಿ ಪುರಾತತ್ವಜ್ಞ ಫಿಯೊರೆಲ್ಲಿ ತಂದ ಪದ್ಧತಿಯಲ್ಲಿ ವಲಯ, ಬ್ಲಾಕ್, ಆಮೇಲೆ ಬಾಗಿಲಿನ ನಂಬರ್. ಅದು ಇವತ್ತಿಗೂ ನಡೆಯುತ್ತಿದೆ, ಯಾಕಂದ್ರೆ ಅವನು ಎಣಿಸಿದ್ದು ಬೀದಿಗೆ ತೆರೆಯುವ ಬಾಗಿಲುಗಳನ್ನು. ಒಳಬಾಗಿಲಿಗೆ ಆ ಸುಖ ಇಲ್ಲ.

ಮುಚ್ಚಿದ ಬಾಗಿಲು ಬಂದರಂತೂ ಕಥೆ ಮುಗಿಯಿತು. ಗೋಡೆ ಕಟ್ಟಿದ್ದು ಒಂದು ಕೆಲಸ, ಅದನ್ನು ಒಡೆದು ಬಾಗಿಲು ಮಾಡಿದ್ದು ಇನ್ನೊಂದು, ಆಮೇಲೆ ಕಲ್ಲು ತುಂಬಿ ಮುಚ್ಚಿದ್ದು ಮತ್ತೊಂದು. ಯಾವುದು ಮೊದಲು, ಯಾವುದು ಆಮೇಲೆ ಅಂತ ಹ್ಯಾರಿಸ್ ಮ್ಯಾಟ್ರಿಕ್ಸ್‌ನಲ್ಲಿ (ಹಂತಗಳ ಕ್ರಮ ತೋರಿಸುವ ರೇಖಾಚಿತ್ರ) ಜೋಡಿಸಬೇಕಾದರೆ ಮೂರಕ್ಕೂ ಬೇರೆ ನಂಬರ್ ಬೇಕು. ಹೊಸ್ತಿಲು ಬದಲಾಯಿಸಿದ್ದರೆ ಅದಕ್ಕೂ ಒಂದು. ಈ ಹಲಗೆಯಲ್ಲಿ ಎಲ್ಲಿ ಬರೆಯೋದು?

ನಾನು ಖಾನೆಗಳ ಮೇಲೆ ಕಪ್ಪು ಟೇಪ್ ಅಂಟಿಸಿಬಿಟ್ಟೆ. ಇಡೀ ಕಟ್ಟಡಕ್ಕೆ 101ರಿಂದ ಒಂದೇ ಸರಣಿ: ಗೋಡೆಗೆ ಒಂದು, ಬಾಗಿಲಿನ ಕಂಡಿಗೆ ಒಂದು, ಮುಚ್ಚಿದ ಭಾಗಕ್ಕೆ ಒಂದು. ಗೋಡೆಯ ಯಾವ ಮುಖ ಅನ್ನೋದಕ್ಕೆ ಪಕ್ಕದಲ್ಲಿ ದಿಕ್ಕಿನ ಅಕ್ಷರ, 104-ಉ, 104-ದ ಹೀಗೆ. ಯಾವ ಕೋಣೆ ಅನ್ನೋದು ನಕ್ಷೆಯಲ್ಲಿ ಇದ್ದೇ ಇರುತ್ತದೆ, ಅದನ್ನು ನಂಬರಿಗೆ ತುರುಕಬೇಕಾಗಿಲ್ಲ.

ಆ ಬಿಳಿ ಅಂಟನ್ನು ಪೆಟ್ಟಿಗೆಯಿಂದ ತೆಗೆಯಲೇ ಬೇಡಿ. ಹಳೇ ಸುಣ್ಣದ ಗಾರೆ ಮೇಲೆ ಎಣ್ಣೆ ಕಲೆ ಬೀಳಬಹುದು, ಬಣ್ಣ ಇದ್ದರೆ ಅದೂ ಕಿತ್ತು ಬರಬಹುದು. ಸ್ಟ್ಯಾಂಡ್ ಸಾಕು. ಅದನ್ನೂ ಬಾಗಿಲಿನ ಪಕ್ಕೆ ಗೋಡೆಗೆ ಸೇರುವ ಸಂದಿಯ ಮುಂದೆ ಇಡಬೇಡಿ, ಬಾಗಿಲು ಆಮೇಲೆ ಒಡೆದದ್ದಾ ಅಂತ ಹೇಳುವ ಗುರುತು ಇರುವುದು ಅಲ್ಲೇ. ಹಲಗೆ ಇಟ್ಟು ಒಂದು ಫೋಟೋ, ತೆಗೆದು ಒಂದು ಫೋಟೋ. ಫೋಟೋಗ್ರಾಮೆಟ್ರಿ, ಅಂದರೆ ಹಲವು ಫೋಟೋಗಳಿಂದ 3ಡಿ ಮಾಡೆಲ್ ಮಾಡುವವರು ಹಲಗೆ ಇರುವ ಫೋಟೋ ಸೇರಿಸಿದರೆ ಮಾಡೆಲ್ ಮೇಲೂ ಅದು ಅಚ್ಚಾಗಿ ಕೂರುವ ಸಾಧ್ಯತೆ ಜಾಸ್ತಿ.

ಖಾನೆ ಇಲ್ಲದ ಖಾಲಿ ಹಲಗೆ ಸಿಕ್ಕರೆ ಅದನ್ನೇ ತಗೊಳ್ಳಿ. ಇದೇ ಬೇಕು ಅಂದರೆ ಅಂಕಿಗಳ ಇನ್ನೊಂದು ಸೆಟ್ ಕೂಡ ಬೇಕಾಗುತ್ತದೆ. ಪ್ರತಿ ಅಂಕಿ ಎರಡೆರಡೇ ಕೊಟ್ಟಿದ್ದಾರೆ, 111ನೇ ಗೋಡೆ ಹತ್ತಿರ ಬಂದಾಗ ಕೈಯಲ್ಲಿ ಮೂರನೇ 1 ಇರುವುದಿಲ್ಲ.