ಟೈರ್ ಗಾಳಿ ನೋಡಲು ಮೂರು ಗೇಜ್: ಮಾಸ್ಟರ್ ಗೇಜ್ ಮುಂದೆ ಯಾವುದು ನಿಂತಿತು?

ಮೊದಲು ತೀರ್ಪು, ಆಮೇಲೆ ವಿವರ. ಮನೆಯಲ್ಲೇ ಕಾರಿನ ಟೈರ್ ಗಾಳಿ ನೋಡಿಕೊಳ್ಳಲು ಮೂರು ಥರದ ಗೇಜ್ ಕೊಂಡೆ. ಪೆನ್ನಿನಂತಿರುವುದು ಒಂದು, ಡಿಜಿಟಲ್ ಒಂದು, ಮುಳ್ಳಿರುವ ಡಯಲ್ ಗೇಜ್ ಒಂದು. ಪೆನ್ ಗೇಜ್ ದುಡ್ಡು ದಂಡ. ಡಿಜಿಟಲ್ ಚೆನ್ನಾಗಿದೆ, ಆದರೆ ಚುಕ್ಕಿಯ ಆಚೆ ಅದು ತೋರಿಸುವ ಅಂಕಿಯನ್ನು ನಂಬಬೇಡಿ. ನನ್ನ ಕಾರಿನಲ್ಲಿ ಉಳಿದಿರುವುದು ಡಯಲ್ ಗೇಜ್.

ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ದಿನವಿಡೀ ಗೇಜ್ ನೋಡುವುದೇ ಕೆಲಸ. ಹಾಗಾಗಿ ಅಂಗಡಿಯವರು "ಪಕ್ಕಾ ಕರೆಕ್ಟ್ ಮೇಡಂ" ಅಂದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಮೂರನ್ನೂ ಚೀಲದಲ್ಲಿ ಹಾಕಿಕೊಂಡು ಫ್ಯಾಕ್ಟರಿಗೆ ಹೋದೆ.

ಬಂಕಿನಲ್ಲಿ ಉಚಿತ ಗಾಳಿ ಇರುವಾಗ ಮನೆಯಲ್ಲಿ ಗೇಜ್ ಯಾಕೆ ಅಂತ ಯಜಮಾನರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಕಾರಿನ ಬಾಗಿಲು ತೆಗೆದರೆ ಡ್ರೈವರ್ ಕಡೆಯ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಕೆಲವು ಕಾರುಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಗೆ. ಟೈರಿನಲ್ಲಿ ಎಷ್ಟು ಗಾಳಿ ಇರಬೇಕು ಅಂತ ಅದರಲ್ಲಿ ಬರೆದಿರುತ್ತದೆ. ನನ್ನದರಲ್ಲಿ 33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಅಂತಿದೆ. ಆ 33 ತಣ್ಣಗಿರುವ ಟೈರಿಗೆ. ಅಂದರೆ ಕನಿಷ್ಠ ಮೂರು ಗಂಟೆ ನಿಂತಿರುವ ಕಾರಿಗೆ. ನಾಗರಬಾವಿಯಿಂದ ಹೊರಟು ಸುಮನಹಳ್ಳಿ ದಾಟಿ ಬಂಕ್ ಸೇರುವಷ್ಟರಲ್ಲಿ ಟೈರ್ ಬಿಸಿಯಾಗಿರುತ್ತದೆ, ಒಳಗಿನ ಒತ್ತಡವೂ ಏರಿರುತ್ತದೆ. ಹೆದ್ದಾರಿಯಲ್ಲಿ ಜೋರಾಗಿ ಬಂದರಂತೂ ಮೂರು ನಾಲ್ಕು ಪಿಎಸ್‌ಐ ಜಾಸ್ತಿ ತೋರಿಸುವುದು ಮಾಮೂಲು. ಅದನ್ನು ನೋಡಿ "ಜಾಸ್ತಿ ಇದೆ" ಅಂತ ಗಾಳಿ ಬಿಟ್ಟರೆ, ಮರುದಿನ ಬೆಳಗ್ಗೆ ಅದೇ ಟೈರ್ 29ಕ್ಕೆ ಇಳಿದಿರುತ್ತದೆ.

ಇನ್ನು ಬಂಕಿನ ಹುಡುಗರು. ಸಣ್ಣ ಕಾರಾಗಲಿ, ಏಳು ಸೀಟಿನ ಗಾಡಿಯಾಗಲಿ, "ಮೂವತ್ತೈದು ಹಾಕ್ಲಾ?" ಅಂತಲೇ ಕೇಳುತ್ತಾರೆ. ಅವರನ್ನು ಬೈಯುವುದಿಲ್ಲ. ಬೆಳಗ್ಗೆಯಿಂದ ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಗಿರುತ್ತದೆ. ಅವರ ಯಂತ್ರವೂ ಬಿಸಿಲು, ಧೂಳು, ಲಾರಿ ಚಕ್ರ ಎಲ್ಲವನ್ನೂ ತಿಂದಿರುತ್ತದೆ. ಒಂದೇ ಟೈರಿಗೆ ಎರಡು ಬಂಕಿನಲ್ಲಿ ಎರಡು ಲೆಕ್ಕ ಬಂದರೆ ಆಶ್ಚರ್ಯವೇನಿಲ್ಲ.

ಗೇಜ್ ಕೊಂಡದ್ದು ಜೆ.ಸಿ. ರೋಡಿನಲ್ಲಿ. ಕಾರಿನ ಸೀಟ್ ಕವರಿನಿಂದ ಹಿಡಿದು ಹಾರ್ನ್‌ವರೆಗೆ ಎಲ್ಲ ಸಿಗುವ ಜಾಗ, ನಿಮಗೆ ಗೊತ್ತೇ ಇದೆ. ಪಾರ್ಕಿಂಗ್ ಮಾತ್ರ ದೇವರೇ ಗತಿ, ಬಸ್ಸಿನಲ್ಲಿ ಹೋಗಿ. ಪೆನ್ ಗೇಜ್ 120 ರೂಪಾಯಿ, ಡಿಜಿಟಲ್ 550, ಡಯಲ್ 700 ಹೇಳಿ 620ಕ್ಕೆ ಕೊಟ್ಟರು. ಕಂಪನಿ ಹೆಸರು ಕೇಳಬೇಡಿ. ಒಂದೇ ಮಾಲು ನಾಲ್ಕೈದು ಹೆಸರಿನ ಡಬ್ಬಿಯಲ್ಲಿ ಕೂತಿತ್ತು. ಹೆಸರಿಗಿಂತ ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದುವುದು ಮುಖ್ಯ.

ನನ್ನ ಡಿಜಿಟಲ್ ಡಬ್ಬಿಯ ಮೇಲೆ "ನಿಖರತೆ ಶೇ. 1" ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಯಾವುದರ ಶೇ. 1? ಇಂಥ ಗೇಜುಗಳಲ್ಲಿ ಸಾಮಾನ್ಯವಾಗಿ ಅದು ಪೂರ್ತಿ ಅಳತೆಯ ಶೇ. 1. ಗೇಜ್ 150 ಪಿಎಸ್‌ಐವರೆಗೆ ಅಳೆಯುತ್ತದೆ ಅಂದರೆ ಒಂದೂವರೆ ಪಿಎಸ್‌ಐ ಆಚೀಚೆ ಹೋಗಬಹುದು, ಅದೂ ಎಲ್ಲಿ ಬೇಕಾದರೂ. 33 ಇರುವಾಗ 31.5 ತೋರಿಸಿದರೂ ಕಂಪನಿ ಸುಳ್ಳು ಹೇಳಿದಂತಲ್ಲ, 34.5 ತೋರಿಸಿದರೂ ಅಲ್ಲ. ಪರದೆ ಮಾತ್ರ 33.7 ಅಂತ ಠೀವಿಯಿಂದ ಹೇಳುತ್ತದೆ. ಆ ಏಳಕ್ಕೆ ಅರ್ಥ ಕಡಿಮೆ.

ಡಯಲ್ ಗೇಜಿನದು 60 ಪಿಎಸ್‌ಐ ಅಳತೆ. ಬೇಕೆಂದೇ ಅದನ್ನು ಆರಿಸಿದೆ. ಮುಳ್ಳಿನ ಗೇಜ್ ಒಳಗೆ ಬಾಗಿದ ಒಂದು ಲೋಹದ ಕೊಳವೆ ಇರುತ್ತದೆ, ಬೋರ್ಡನ್ ಟ್ಯೂಬ್ ಅಂತ. ಒತ್ತಡ ಏರಿದರೆ ಅದು ನೆಟ್ಟಗಾಗಲು ನೋಡುತ್ತದೆ, ಆ ಅಲುಗಾಟಕ್ಕೆ ಮುಳ್ಳು ತಿರುಗುತ್ತದೆ. 1849ರಲ್ಲಿ ಫ್ರಾನ್ಸಿನಲ್ಲಿ ಪೇಟೆಂಟ್ ಆದ ಉಪಾಯ, ಇವತ್ತಿಗೂ ಪೀಣ್ಯದ ಅರ್ಧ ಯಂತ್ರಗಳು ಅದರ ಮೇಲೇ ನಿಂತಿವೆ. ಸಾಮಾನ್ಯವಾಗಿ ಇವು ಅಳತೆಯ ನಡುವಿನ ಭಾಗದಲ್ಲಿ ಹೆಚ್ಚು ನಿಯತ್ತು, ಎರಡೂ ತುದಿಯಲ್ಲಿ ಕಡಿಮೆ. 33 ನೋಡಬೇಕಾದವರಿಗೆ 60ರ ಡಯಲ್ ಸರಿ. ಅಂಗಡಿಯಲ್ಲಿ 220 ಪಿಎಸ್‌ಐ ಡಯಲ್ ತೋರಿಸಿ "ಲಾರಿಗೂ ಆಗುತ್ತೆ" ಅಂದರು. ನಮ್ಮ ಮನೆಯಲ್ಲಿ ಲಾರಿ ಇಲ್ಲ.

ಫ್ಯಾಕ್ಟರಿಯಲ್ಲಿ ಊಟದ ಬಿಡುವಿನಲ್ಲಿ ಪರೀಕ್ಷೆ. ಎನ್‌ಎಬಿಎಲ್ (ಪರೀಕ್ಷಾ ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬಿನ ಸರ್ಟಿಫಿಕೇಟ್ ಇರುವ ಮಾಸ್ಟರ್ ಗೇಜ್ ಒಂದಿದೆ, ಬೇರೆ ಗೇಜುಗಳನ್ನು ಹೋಲಿಸಿ ನೋಡುವುದು ಇದರ ಜೊತೆಗೇ. ನಮ್ಮ ಫಿಟ್ಟರ್ ಗಾಳಿ ಲೈನಿಗೆ ಒಂದು ಟೈರ್ ವಾಲ್ವ್ ಕೂರಿಸಿಕೊಟ್ಟರು. ಮಧ್ಯೆ ಒಂದು ಸಣ್ಣ ಸಿಲಿಂಡರ್. ಅದಿಲ್ಲದಿದ್ದರೆ ಗೇಜ್ ಒತ್ತಿದ ಕೂಡಲೇ ಲೈನಿನ ಒತ್ತಡವೇ ಇಳಿದು ಲೆಕ್ಕ ಕೆಡುತ್ತದೆ. ಮಾಸ್ಟರ್ ಗೇಜಿನಲ್ಲಿ 33 ನಿಲ್ಲಿಸಿ ಒಂದೊಂದನ್ನೇ ಒತ್ತಿ ಒತ್ತಿ ನೋಡಿದೆವು.

ಪೆನ್ ಗೇಜ್ 30 ತೋರಿಸಿತು, ಆಮೇಲೆ 32, ಆಮೇಲೆ 35. ಒತ್ತಡ ಮಾತ್ರ ಒಂದೇ. ಅದರ ಒಳಗಿರುವುದು ಒಂದು ಸ್ಪ್ರಿಂಗ್, ಜಾರುವ ಒಂದು ಕಡ್ಡಿ ಅಷ್ಟೇ. ಕೈ ಸ್ವಲ್ಪ ಓರೆಯಾದರೂ ಕಡ್ಡಿ ಬೇರೆ ಕಡೆ ನಿಲ್ಲುತ್ತದೆ. ಫಿಟ್ಟರ್ ನಕ್ಕು "ಇದನ್ನ ಪೆನ್ ಸ್ಟ್ಯಾಂಡಿಗೆ ಹಾಕಿ ಮೇಡಂ" ಅಂದರು.

ಡಿಜಿಟಲ್ 33.7. ಮತ್ತೆ 33.7. ಮತ್ತೆ 33.6. ಹೆಚ್ಚು ತೋರಿಸುತ್ತದೆ, ಆದರೆ ಪ್ರತಿ ಸಲವೂ ಅಷ್ಟೇ ಹೆಚ್ಚು ತೋರಿಸುತ್ತದೆ. ನಮ್ಮ ಕೆಲಸದಲ್ಲಿ ಇದನ್ನು ಒಳ್ಳೆಯ ಗುಣ ಅಂತಲೇ ಎಣಿಸುತ್ತೇವೆ. ಎಷ್ಟು ತಪ್ಪು ಅಂತ ಗೊತ್ತಾದರೆ ಕಳೆದುಕೊಳ್ಳಬಹುದು. ಪೆನ್ ಗೇಜಿನಲ್ಲಿ ಕಳೆಯಲು ಏನೂ ಇಲ್ಲ, ಯಾಕೆಂದರೆ ಅದರ ತಪ್ಪು ಒಂದೇ ಕಡೆ ನಿಲ್ಲುವುದೇ ಇಲ್ಲ.

ಡಯಲ್ ಪ್ರತಿ ಸಲವೂ 32.5ರ ಹತ್ತಿರ ನಿಂತಿತು. 40ರಲ್ಲೂ ಅರ್ಧ ಕಡಿಮೆಯೇ. 15ಕ್ಕೆ ಇಳಿಸಿದಾಗ ಮಾತ್ರ 13 ತೋರಿಸಿತು. ಕಾರಿನ ಟೈರ್ 15ಕ್ಕೆ ಬಂದಿದ್ದರೆ ನನಗೆ ಗೇಜ್ ಬೇಡ, ಪಂಕ್ಚರ್ ಅಂಗಡಿ ಬೇಕು. ಗೇಜಿನ ಬೆನ್ನಿಗೆ ಬಿಳಿ ಟೇಪ್ ಅಂಟಿಸಿ "ಅರ್ಧ ಸೇರಿಸಿ" ಅಂತ ಬರೆದಿಟ್ಟೆ.

ಹಾಗೆ ನೋಡಿದರೆ ಫ್ಯಾಕ್ಟರಿಯ ಪರೀಕ್ಷೆಯಲ್ಲಿ ಡಿಜಿಟಲ್‌ಗೂ ಡಯಲ್‌ಗೂ ದೊಡ್ಡ ವ್ಯತ್ಯಾಸವಿಲ್ಲ. ನನ್ನ ಪಾರ್ಕಿಂಗಿನಲ್ಲಿ ಮಾತ್ರ ಡಯಲ್ ಗೆದ್ದಿತು. ಅದಕ್ಕೆ ಅರ್ಧ ಮೊಳದ ರಬ್ಬರ್ ಪೈಪ್ ಇದೆ. ನನ್ನ ಕಾರಿನ ವೀಲ್ ಕ್ಯಾಪಿನ ಹಿಂದೆ ವಾಲ್ವ್ ಒಳಗೆ ಸೇರಿಕೊಂಡಿದೆ. ಡಿಜಿಟಲ್ ಗೇಜಿನ ದಪ್ಪ ಮೂತಿ ಅಲ್ಲಿ ನೆಟ್ಟಗೆ ಕೂರುವುದಿಲ್ಲ, ಸುಯ್ ಅಂತ ಗಾಳಿ ಹೋಗುತ್ತದೆ. ಆ ಸದ್ದು ಬರುತ್ತಿದ್ದಾಗ ಸಿಕ್ಕ ಲೆಕ್ಕ ಲೆಕ್ಕವೇ ಅಲ್ಲ. ಪೈಪಿದ್ದರೆ ಒಂದು ಕೈಯಲ್ಲಿ ಮೂತಿ ಒತ್ತಿ ಇನ್ನೊಂದು ಕೈಯಲ್ಲಿ ಡಯಲ್ ಹಿಡಿದು ಆರಾಮವಾಗಿ ನೋಡಬಹುದು. ಮೂತಿ ತೆಗೆದ ಮೇಲೂ ಮುಳ್ಳು ಅಲ್ಲೇ ನಿಂತಿರುತ್ತದೆ, ಬಟನ್ ಒತ್ತಿದರೆ ಸೊನ್ನೆಗೆ ಬರುತ್ತದೆ. ಮಂಡಿ ನೋವಿರುವವರಿಗೆ ಇದು ದೊಡ್ಡ ಉಪಕಾರ. ಎದ್ದು ನಿಂತು ಬೆಳಕಿನಲ್ಲಿ ಓದಿಕೊಳ್ಳಬಹುದು. ಮೂತಿ ಟೈರಿಗೆ ಒತ್ತಿರುವಾಗಲೇ ಅದೇ ಬಟನ್ ಒತ್ತಿದರೆ ಟೈರಿನ ಹೆಚ್ಚಿನ ಗಾಳಿಯನ್ನು ಸ್ವಲ್ಪ ಸ್ವಲ್ಪವೇ ಬಿಡಬಹುದು.

ಡಿಜಿಟಲ್ ಪರವಾಗಿ ಒಂದು ಮಾತು ಹೇಳಲೇಬೇಕು. ಬೇಸ್‌ಮೆಂಟಿನಲ್ಲಿ ಕಾರು ನಿಲ್ಲಿಸುವವರಿಗೆ ಅದರ ಮೂತಿಯಲ್ಲಿರುವ ದೀಪ ತುಂಬ ಅನುಕೂಲ. ಹೊರಗೆ ವಾಲ್ವ್ ಇರುವ ಅಲಾಯ್ ಚಕ್ರವಾದರೆ ಅದನ್ನೇ ಕೊಳ್ಳಿ. ಬ್ಯಾಟರಿ ಸತ್ತರೆ ಮಾತ್ರ ಅದು ಬರೀ ಪ್ಲಾಸ್ಟಿಕ್.

ಡಯಲ್ ಗೇಜಿನಲ್ಲಿ ನನಗೆ ಇಷ್ಟವಾಗದ ಸಂಗತಿಯೂ ಇದೆ. ಸೊನ್ನೆಯ ಹತ್ತಿರ ಮುಳ್ಳಿಗೆ ತಡೆಯಾಗಿ ಒಂದು ಸಣ್ಣ ಪಿನ್ ಇಟ್ಟಿದ್ದಾರೆ. ಗೇಜ್ ಕೈಜಾರಿ ಬಿದ್ದು ಒಳಗಿನ ಕೊಳವೆ ಬಾಗಿದರೂ ಮುಳ್ಳು ಆ ಪಿನ್ನಿಗೆ ಒರಗಿ "ಸೊನ್ನೆ" ಅಂತಲೇ ನಿಲ್ಲಬಹುದು. ಪಿನ್ ಇಲ್ಲದಿದ್ದರೆ ಸೊನ್ನೆ ತಪ್ಪಿದ್ದು ಕಣ್ಣಿಗೆ ಕಾಣುತ್ತಿತ್ತು. ಹಾಗಾಗಿ ಸುತ್ತ ರಬ್ಬರ್ ಕವಚ ಇರುವುದನ್ನೇ ಕೊಳ್ಳಿ. ಬಿದ್ದರೆ ಇನ್ನೊಂದು ಗೇಜ್ ಜೊತೆ ಹೋಲಿಸಿ ನೋಡಿ. ಮಾಸ್ಟರ್ ಗೇಜ್ ಎಲ್ಲರಿಗೂ ಸಿಗುವುದಿಲ್ಲ ನಿಜ. ಪಕ್ಕದ ಮನೆಯವರ ಗೇಜ್ ಸಿಕ್ಕರೂ ಸಾಕು, ಒಂದೇ ತಣ್ಣನೆ ಟೈರಿಗೆ ಎರಡನ್ನೂ ಒತ್ತಿ ನೋಡಿ. ನೋಡುವಾಗ ಹೋಗುವ ಗಾಳಿ ಕಾರಿನ ಟೈರಿಗೆ ಲೆಕ್ಕಕ್ಕಿಲ್ಲ.

ಮನೆಯಲ್ಲಿ ಅಳೆದರೂ ಗಾಳಿ ಬಂಕಿನಲ್ಲೇ ಹಾಕಿಸಬೇಕಲ್ವಾ? ನಾನು ಮಾಡುವುದು ಹೀಗೆ. ಬೆಳಗ್ಗೆ ಹೊರಡುವ ಮೊದಲು ನೋಡುತ್ತೇನೆ. 30 ಇದೆ ಅಂದರೆ ಮೂರು ಕಡಿಮೆ. ಬಂಕಿನಲ್ಲಿ ಅದೇ ಟೈರ್ ನನ್ನ ಗೇಜಿನಲ್ಲಿ 32 ತೋರಿಸಿದರೆ 35ಕ್ಕೆ ಹಾಕಿಸುತ್ತೇನೆ. ಮೂರು ಸೇರಬೇಕು, ಅಷ್ಟೇ ಲೆಕ್ಕ. ಬಂಕಿನ ಯಂತ್ರದ ಅಂಕಿ ಏನೇ ಇರಲಿ, ಮೊದಲು ಮತ್ತು ಆಮೇಲೆ ನೋಡುವುದು ನನ್ನ ಗೇಜಿನಲ್ಲಿ. ಹುಡುಗ ಮುಖ ಸಣ್ಣದು ಮಾಡುತ್ತಾನೆ, ಹತ್ತು ರೂಪಾಯಿ ಕೊಟ್ಟರೆ ಸರಿಹೋಗುತ್ತಾನೆ.

ಗೇಜ್ ಬಂದ ಮೇಲೆ ಗೊತ್ತಾದ ಇನ್ನೊಂದು ವಿಷಯ ಹವೆಯದು. ಟೈರಿನೊಳಗಿನ ಗಾಳಿ ಸುಮಾರು ಆರು ಡಿಗ್ರಿ ತಣ್ಣಗಾದರೆ ಒಂದು ಪಿಎಸ್‌ಐ ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ನೆರಳಲ್ಲಿ ನಿಂತ ಕಾರಿಗೆ 34 ಡಿಗ್ರಿ ಸೆಕೆಯಲ್ಲಿ ಸರಿಯಾಗಿ 33 ಹಾಕಿ. ಡಿಸೆಂಬರಿನ 16 ಡಿಗ್ರಿ ಬೆಳಗ್ಗೆ, ಒಂದು ಚೂರೂ ಸೋರದಿದ್ದರೂ, 30 ಕಾಣುತ್ತದೆ. ಸೋರುವುದಂತೂ ಇದ್ದೇ ಇದೆ, ಒಳ್ಳೆಯ ಟೈರಿನಿಂದಲೂ ತಿಂಗಳಿಗೆ ಒಂದು ಪಿಎಸ್‌ಐ ಹೋಗುತ್ತದೆ.

ನನ್ನ ತವರು ಉಡುಪಿ. ಘಟ್ಟ ಇಳಿದರೆ ಇನ್ನೊಂದು ಲೆಕ್ಕ. ಗೇಜ್ ತೋರಿಸುವುದು ಟೈರಿನ ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸವನ್ನು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿ ಹೊರಗಿನ ಗಾಳಿಯ ಒತ್ತಡ ಸುಮಾರು 13.2 ಪಿಎಸ್‌ಐ, ಸಮುದ್ರದ ದಂಡೆಯಲ್ಲಿ 14.7. ಹಾಗಾಗಿ ಮಲ್ಪೆಯಲ್ಲಿ ನಿಂತ ಕಾರಿನ ಟೈರ್ ಒಂದೂವರೆ ಕಡಿಮೆ ತೋರಿಸಬೇಕು. ಆದರೆ ಅಲ್ಲಿ ಸೆಕೆ ಜಾಸ್ತಿ, ಅದು ಒಂದಷ್ಟನ್ನು ಮತ್ತೆ ಏರಿಸುತ್ತದೆ. ಕೊನೆಗೆ ಅರ್ಧವೋ ಒಂದೋ ವ್ಯತ್ಯಾಸ ಉಳಿಯುತ್ತದೆ. ಅಷ್ಟಕ್ಕೆ ಬಂಕ್ ಹುಡುಕಬೇಕಾಗಿಲ್ಲ.

ಟೈರಿನ ಪಕ್ಕದಲ್ಲಿ ಅಚ್ಚೊತ್ತಿರುವ ದೊಡ್ಡ ಅಂಕಿಯನ್ನು ನೋಡಿ ಗಾಳಿ ಹಾಕಿಸುವವರನ್ನೂ ಕಂಡಿದ್ದೇನೆ. ಅದು ಆ ಟೈರಿನ ಮೇಲ್ಮಿತಿ, ನಿಮ್ಮ ಕಾರಿಗೆ ಬೇಕಾದದ್ದಲ್ಲ. ಸ್ಟಿಕ್ಕರ್ ನೋಡಿ.

ಸ್ಟೆಪ್ನಿ ವಿಷಯದಲ್ಲಿ ಮಾತ್ರ ನನ್ನ ಡಯಲ್ ಎಲ್ಲರಿಗೂ ಒಗ್ಗುವುದಿಲ್ಲ. ತೆಳ್ಳಗಿನ ತಾತ್ಕಾಲಿಕ ಸ್ಟೆಪ್ನಿ ಕೊಡುವ ಕಾರುಗಳಲ್ಲಿ ಅದಕ್ಕೆ ಸಾಮಾನ್ಯವಾಗಿ 60 ಪಿಎಸ್‌ಐ ಬೇಕು. 60ರ ಡಯಲ್ ಅಲ್ಲಿ ತುದಿಗೆ ಬಂದು ನಿಲ್ಲುತ್ತದೆ. ಅಂಥವರು 100ರ ಡಯಲ್ ಅಥವಾ ಡಿಜಿಟಲ್ ತೆಗೆದುಕೊಳ್ಳಿ. ನನ್ನದು ಪೂರ್ತಿ ಗಾತ್ರದ ಸ್ಟೆಪ್ನಿ. ಡಿಕ್ಕಿಯಲ್ಲಿ ತಿಂಗಳುಗಟ್ಟಲೆ ಬಿದ್ದಿರುತ್ತದಲ್ಲ, ಅದಕ್ಕೇ 36 ಹಾಕಿಸಿಟ್ಟಿದ್ದೇನೆ. ಬೇಕಾದಾಗ ಬಟನ್ ಒತ್ತಿ 33ಕ್ಕೆ ಇಳಿಸಿಕೊಂಡರಾಯಿತು.