ಎಂಬತ್ತರ ದಶಕದ ಪ್ರೋಗ್ ರಾಕ್: ಯಾವ ಆಲ್ಬಂನಿಂದ ಶುರು ಮಾಡೋದು?

ಎಂಬತ್ತರ ಹೊತ್ತಿಗೆ ಪ್ರೋಗ್ (ಪ್ರೋಗ್ರೆಸಿವ್ ರಾಕ್, ಅಂದರೆ ಉದ್ದದ ಹಾಡು, ಜಟಿಲ ತಾಳಗಳ ರಾಕ್ ಸಂಗೀತ) ಸತ್ತೇಹೋಗಿತ್ತು ಅನ್ನೋರು ಈಗಲೂ ಸಿಗ್ತಾರೆ. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಯೆಸ್ ತಂಡದ ‘90125’ (1983), ಕಿಂಗ್ ಕ್ರಿಮ್ಸನ್‌ನ ‘ಡಿಸಿಪ್ಲಿನ್’ (1981) ಎರಡನ್ನೂ ಒಂದರ ಹಿಂದೆ ಒಂದು ಕೇಳಿದ ಮೇಲೆ ಆ ಮಾತು ನಿಲ್ಲೋದಿಲ್ಲ.

ಯೆಸ್‌ನದು ಮೊದಲ ಸಲಕ್ಕೇ ಕಿವಿಗೆ ಹತ್ತುತ್ತೆ. ನಿರ್ಮಾಪಕ ಟ್ರೆವರ್ ಹಾರ್ನ್ ಕೈಚಳಕ ಎಲ್ಲೆಲ್ಲೂ ಇದೆ. ‘ಓನರ್ ಆಫ್ ಎ ಲೋನ್ಲಿ ಹಾರ್ಟ್’ 1984ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೇರಿತು. ಹಳೇ ಅಭಿಮಾನಿಗಳು ಮೂಗು ಮುರಿದರು, ಮುರಿಯಲಿ ಬಿಡಿ. ‘ಲೀವ್ ಇಟ್’ ಶುರುವಿನಲ್ಲಿ ವಾದ್ಯವೇ ಇಲ್ಲದೆ ದನಿಯ ಮೇಲೆ ದನಿ ಪೇರಿಸಿದ್ದನ್ನು ಹೆಡ್‌ಫೋನ್‌ನಲ್ಲಿ ಕೇಳಿ ನೋಡಿ.

‘ಡಿಸಿಪ್ಲಿನ್’ ಬೇರೆಯದೇ ಜಾತಿ. ರಾಬರ್ಟ್ ಫ್ರಿಪ್, ಏಡ್ರಿಯನ್ ಬೆಲ್ಯೂ ಇಬ್ಬರ ಗಿಟಾರ್‌ಗಳೂ ಒಟ್ಟಿಗೆ ಹೊರಡುತ್ತವೆ; ಆಮೇಲೆ ಒಂದು ಗಿಟಾರ್ ಒಂದು ಸ್ವರವನ್ನು ನುಡಿಸದೆ ಬಿಟ್ಟುಬಿಡುತ್ತೆ, ಅಲ್ಲಿಂದ ಎರಡೂ ಸರಿಯುತ್ತಾ ಸರಿಯುತ್ತಾ ಕೊನೆಗೆ ಮತ್ತೆ ಕೂಡುತ್ತವೆ. ‘ಫ್ರೇಮ್ ಬೈ ಫ್ರೇಮ್’ನ ಏಳರ ಎಣಿಕೆ ಮಿಶ್ರ ಚಾಪು ಕೇಳಿ ಬೆಳೆದವರಿಗೆ ಹೊಸದೇನಲ್ಲ, ಕೈ ತಾನಾಗಿ ತಾಳ ಹಾಕುತ್ತೆ. ಅಂದಹಾಗೆ ಇಲ್ಲಿ ಡ್ರಮ್ಸ್ ನುಡಿಸುವ ಬಿಲ್ ಬ್ರುಫರ್ಡ್ ಮೊದಲು ಯೆಸ್‌ನಲ್ಲೇ ಇದ್ದವರು.

ಕಾರಿನಲ್ಲಿ, ಗೆಳೆಯರ ಜೊತೆ ಕೇಳೋಕಾದರೆ ‘90125’. ಆದರೆ ಅದರ ಕೆಲವು ಕೀಬೋರ್ಡ್ ಸದ್ದುಗಳಿಗೆ ವಯಸ್ಸಾಗಿದೆ. ‘ಡಿಸಿಪ್ಲಿನ್’ ನಿನ್ನೆ ಮುದ್ರಿಸಿದ ಹಾಗಿದೆ. ಒಂದನ್ನೇ ಕೊಳ್ಳುವಷ್ಟು ದುಡ್ಡಿದ್ದರೆ ನನ್ನ ಮತ ಅದಕ್ಕೇ. ಎರಡು ಸಲ ಕೇಳಿಯೂ ಹಿಡಿಸಲಿಲ್ಲವಾ? ಮೂರನೇ ಸಲ ಕೇಳಿ.